ಬ್ಲಾಗಿಗರಿಗೆ ದುಡ್ಡು ಕೊಟ್ಟು ರಿವ್ಯೂ ಬರೆಸಬೇಕೇ? ಸಣ್ಣ ವೆಬ್‌ಸೈಟ್ ಇಟ್ಟುಕೊಂಡವರಿಗೊಂದು ಸಮಗ್ರ ಮಾರ್ಗದರ್ಶಿ

ಶಿರಸಿ ಕಡೆಯ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಮೊದಮೊದಲು ನೆಂಟರಿಷ್ಟರಿಗೆ, ಆಮೇಲೆ ನೆಂಟರ ನೆಂಟರಿಗೆ, ಈಗ ಒಂದು ಪುಟ್ಟ ವೆಬ್‌ಸೈಟಿನ ಮೂಲಕ ಬೆಂಗಳೂರು, ಪುಣೆ, ಹೈದರಾಬಾದಿಗೆ. ಸೈಟಿನ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದು ದಿನ ಫೋನ್ ಮಾಡಿ, “ತಮಾ, ಯಾರೋ ಬ್ಲಾಗ್‌ನವರು ಮೇಲ್ ಹಾಕಿದ್ದಾರೆ. ಎಂಟು ಸಾವಿರ ಕೊಟ್ಟರೆ ನಮ್ಮ ಉಪ್ಪಿನಕಾಯಿ ಬಗ್ಗೆ ಚೆನ್ನಾಗಿ ಬರೀತಾರಂತೆ. ಕೊಡಲಾ, ಬೇಡವಾ?” ಎಂದರು.

ಮೇಲ್ ತರಿಸಿ ನೋಡಿದೆ. “ಡಿಎ 45, ಡುಫಾಲೋ ಲಿಂಕ್, ಶಾಶ್ವತ ಪೋಸ್ಟ್, 700 ಪದ, 24 ಗಂಟೆಯೊಳಗೆ ಪ್ರಕಟಣೆ” ಎಂದಿತ್ತು. (ಡಿಎ, ಡುಫಾಲೋ ಎಂದರೇನೆಂದು ಮುಂದೆ ಹೇಳುತ್ತೇನೆ.) ಒಂದು ಜಾಡಿ ಕಳಿಸಿ, ತಿಂದು ನೋಡುತ್ತೇವೆ ಎಂಬ ಮಾತು ಎಲ್ಲೂ ಇರಲಿಲ್ಲ. ಇಂಥ ಮೇಲ್ ನಿಮಗೂ ಬಂದಿರುತ್ತದೆ. ಅದಕ್ಕೆ ಏನು ಉತ್ತರ ಕೊಡಬೇಕು, ಹಾಗೂ ನಿಜಕ್ಕೂ ಹಣ ಹಾಕಿ ಬರೆಸುವುದಾದರೆ ಹೇಗೆ ಮುಂದುವರಿಯಬೇಕು ಎಂಬುದನ್ನು ನಾವು ಕಲಿತ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಕೊಡುವ ದುಡ್ಡಿಗೆ ಏನು ಸಿಗುತ್ತದೆ?

“ರಿವ್ಯೂ” ಎಂಬ ಒಂದೇ ಹೆಸರಿನಲ್ಲಿ ಮೂರು ಸರಕುಗಳು ಬಿಕರಿಯಾಗುತ್ತವೆ. ಒಂದು ಹೊಗಳಿಕೆ, ಎರಡನೆಯದು ಗೂಗಲ್‌ನಲ್ಲಿ ಮೇಲೆ ಬರಲೆಂದು ಕೊಳ್ಳುವ ಲಿಂಕ್, ಮೂರನೆಯದು ಬ್ಲಾಗಿಗರ ಸಮಯ ಮತ್ತು ಅವರ ಓದುಗರ ಗಮನ. ಮೊದಲಿನ ಎರಡಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂರನೆಯದಕ್ಕೆ, ಲೆಕ್ಕ ಕೂಡಿಬಂದರೆ, ಧಾರಾಳವಾಗಿ ಕೊಡಿ.

ಲಿಂಕಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಒಂದು ಸೈಟಿನಿಂದ ಇನ್ನೊಂದಕ್ಕೆ ಕೊಟ್ಟ ಲಿಂಕನ್ನು ಗೂಗಲ್ ಒಂದು ಶಿಫಾರಸಿನಂತೆ ನೋಡುತ್ತದೆ. ಹಾಗಾಗಿ ಶಿಫಾರಸನ್ನೇ ದುಡ್ಡಿಗೆ ಮಾರುವ ವ್ಯಾಪಾರ ಹುಟ್ಟಿಕೊಂಡಿತು. ಅಮೆರಿಕದಲ್ಲಿ 2006ರಲ್ಲಿ ಪೇ-ಪರ್-ಪೋಸ್ಟ್ ಎಂಬ ಕಂಪನಿ ಶುರುವಾಯಿತು. ಜಾಹೀರಾತುದಾರರು ಇಷ್ಟು ಡಾಲರ್ ಎಂದು ಹೇಳುತ್ತಿದ್ದರು, ಬ್ಲಾಗಿಗರು ಬರೆದು ಹಣ ಪಡೆಯುತ್ತಿದ್ದರು. 2007ರ ಕೊನೆಯ ಹೊತ್ತಿಗೆ ಹೀಗೆ ಬರೆದ ಅನೇಕ ಬ್ಲಾಗ್‌ಗಳ ಪೇಜ್‌ರ‍್ಯಾಂಕ್ (ಬಂದ ಲಿಂಕ್‌ಗಳನ್ನು ನೋಡಿ ಗೂಗಲ್ ಪುಟಕ್ಕೆ ಕೊಡುತ್ತಿದ್ದ ಅಂಕ) ಅನ್ನು ಗೂಗಲ್ ಇಳಿಸಿಬಿಟ್ಟಿತು.

ದುಡ್ಡು ಕೊಟ್ಟ ಲಿಂಕಿನಿಂದ ಮೇಲೆ ಬರಬಾರದು ಎಂಬ ಈ ನಿಯಮವನ್ನು ಗೂಗಲ್ ತನ್ನ ಮೇಲೂ ಹೇರಿಕೊಂಡಿದೆ. 2009ರ ಫೆಬ್ರವರಿಯಲ್ಲಿ ಗೂಗಲ್‌ನ ಜಪಾನ್ ಶಾಖೆ ತನ್ನದೇ ಒಂದು ವಿಜೆಟ್ ಬಗ್ಗೆ ಬ್ಲಾಗಿಗರಿಂದ ದುಡ್ಡು ಕೊಟ್ಟು ಬರೆಸಿದ್ದು ಬಯಲಾಯಿತು. ಗೂಗಲ್ ತನ್ನ ಜಪಾನ್ ಸೈಟಿನ ಪೇಜ್‌ರ‍್ಯಾಂಕನ್ನೇ 9ರಿಂದ 5ಕ್ಕೆ ಇಳಿಸಿತು. 2012ರ ಜನವರಿಯಲ್ಲಿ ಕ್ರೋಮ್ ಬ್ರೌಸರಿನ ಪ್ರಚಾರಕ್ಕೆಂದು ಬರೆಸಿದ ಪೋಸ್ಟ್‌ಗಳ ಪೈಕಿ ಒಂದರಲ್ಲಿ ಹಣದ್ದೆಂಬ ಗುರುತು ಹಾಕದ ಲಿಂಕ್ ಸಿಕ್ಕಿತು. ಕ್ರೋಮ್ ಪುಟವನ್ನು ಕನಿಷ್ಠ 60 ದಿನಗಳ ಮಟ್ಟಿಗೆ ಹಿಂದಕ್ಕೆ ತಳ್ಳಲಾಯಿತು. ಮರುವರ್ಷ, ಅಂದರೆ 2013ರ ಫೆಬ್ರವರಿಯಲ್ಲಿ, ಬ್ರಿಟನ್ನಿನ ಹೂವಿನ ವ್ಯಾಪಾರಿ ಸಂಸ್ಥೆ ಇಂಟರ್‌ಫ್ಲೋರಾದ ಸರದಿ. ಸ್ಥಳೀಯ ಪತ್ರಿಕೆಗಳ ಸೈಟ್‌ಗಳಲ್ಲಿ ಅದು ಹಾಕಿಸಿದ್ದ ಹಣದ ಬರಹಗಳ ತುಂಬ ಲಿಂಕ್‌ಗಳಿದ್ದವು. ಅಲ್ಲಿ ತಾಯಂದಿರ ದಿನದ ಹೂವಿನ ವ್ಯಾಪಾರ ಇನ್ನೇನು ಏರಬೇಕು ಎನ್ನುವ ಹೊತ್ತಿಗೆ, ಸುಮಾರು 11 ದಿನ ತನ್ನ ಹೆಸರಿಗೇ ಅದು ಗೂಗಲ್‌ನಲ್ಲಿ ಮೇಲೆ ಬರಲಿಲ್ಲ. ಅಷ್ಟು ದೊಡ್ಡ ಸಂಸ್ಥೆ ಹನ್ನೊಂದು ದಿನದಲ್ಲಿ ಎದ್ದು ನಿಂತಿತು. ಮಿಡಿಯ ಕಾಲದಲ್ಲಿ ನಮಗೆ ಹಾಗಾದರೆ ಆ ವರ್ಷದ ವ್ಯಾಪಾರವೇ ಹೋಯಿತು.

ಮೇಲ್‌ನಲ್ಲಿದ್ದ “ಡಿಎ 45” ಎಂಬುದು ಮಾಜ್ ಎಂಬ ಖಾಸಗಿ ಕಂಪನಿ ಮಾಡಿದ ಅಂದಾಜು ಅಂಕ. ಗೂಗಲ್ ಅದನ್ನು ಬಳಸುವುದಿಲ್ಲ. ಓದುವವರು ಒಬ್ಬರೂ ಇಲ್ಲದ ಸೈಟಿಗೂ ಆ ಅಂಕವನ್ನು ಏರಿಸಿ ತೋರಿಸಬಹುದು. ಡಿಎ ಅಂಕವನ್ನೇ ಮುಂದಿಟ್ಟು ದರ ಹೇಳುವವರ ಜೊತೆ ಮಾತು ಬೆಳೆಸಬೇಡಿ.

ಹೆಜ್ಜೆ 1: ಮೊದಲು ನಿಮ್ಮ ಪುಟ ಸರಿಮಾಡಿಕೊಳ್ಳಿ

ಬ್ಲಾಗ್ ಓದಿ ಬಂದವರು ನಿಮ್ಮ ಪುಟದಲ್ಲಿ ಅರ್ಧ ನಿಮಿಷ ನಿಲ್ಲುತ್ತಾರೆ. ಅಷ್ಟರಲ್ಲಿ ಬೆಲೆ, ತೂಕ, ಕೊರಿಯರ್ ಖರ್ಚು, ಎಷ್ಟು ದಿನಕ್ಕೆ ತಲುಪುತ್ತದೆ, ಯಾರು ಮಾಡಿದ್ದು ಎಂಬುದೆಲ್ಲ ಕಾಣಬೇಕು. ತಿನ್ನುವ ಸಾಮಾನಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ) ಕೊಡುವ 14 ಅಂಕಿಯ ಸಂಖ್ಯೆ ಇರಬೇಕು. ಮೊಬೈಲಿನಲ್ಲಿ ಪುಟ ತೆರೆದು, ಮನೆಯ ಹಿರಿಯರೊಬ್ಬರ ಕೈಗೆ ಕೊಟ್ಟು, “ಒಂದು ಜಾಡಿ ಆರ್ಡರ್ ಮಾಡಿ” ಎನ್ನಿ. ಅವರ ಬೆರಳು ಎಲ್ಲಿ ತಡೆದು ನಿಲ್ಲುತ್ತದೋ ಅಲ್ಲಿ ಗಿರಾಕಿಯೂ ನಿಲ್ಲುತ್ತಾರೆ. ನಮ್ಮ ಸೈಟಿನಲ್ಲಿ ಪಿನ್‌ಕೋಡ್ ಹಾಕಿದ ಮೇಲೆಯೇ ಕೊರಿಯರ್ ಖರ್ಚು ಗೊತ್ತಾಗುತ್ತಿತ್ತು. ನಮ್ಮ ಮಾವ ಅಲ್ಲಿಗೆ ಬಂದು ಫೋನನ್ನೇ ವಾಪಸ್ ಕೊಟ್ಟರು. ಇದು ಸರಿಯಾಗುವ ತನಕ ಯಾವ ಬ್ಲಾಗಿಗೂ ಹಣ ಕೊಡುವುದು ಬೇಡ.

ಹೆಜ್ಜೆ 2: ಲೆಕ್ಕ ಕಾಗದದ ಮೇಲೆ ಹಾಕಿ

ಈ ಕೆಲಸಕ್ಕೆ ಹತ್ತು ನಿಮಿಷ ಸಾಕು. ಆದರೆ ಮಾಡುವವರು ಬಹಳ ಕಡಿಮೆ. ಉದಾಹರಣೆಗೆ ಒಂದು ಜಾಡಿಯ ಬೆಲೆ 350 ರೂಪಾಯಿ ಎಂದಿಟ್ಟುಕೊಳ್ಳಿ. ಮಿಡಿ, ಉಪ್ಪು, ಮೆಣಸು, ಸಾಸಿವೆ, ಜಾಡಿ, ಕೊರಿಯರ್, ಪೇಮೆಂಟ್ ಗೇಟ್‌ವೇ ಕಡಿತ, ಕೆಲಸದವರ ಕೂಲಿ ಎಲ್ಲ ಕಳೆದು ಕೈಗೆ ಉಳಿಯುವುದು 90 ರೂಪಾಯಿ. ಬ್ಲಾಗಿಗರು ಕೇಳಿದ 8,000 ರೂಪಾಯಿ ವಾಪಸ್ ಬರಬೇಕಾದರೆ 89 ಜಾಡಿ ಮಾರಬೇಕು. ನಿಮ್ಮ ಸೈಟಿಗೆ 100 ಜನ ಬಂದರೆ 2 ಜನ ಕೊಳ್ಳುತ್ತಾರೆ ಎಂದಾದರೆ, 89 ಆರ್ಡರಿಗೆ ಸುಮಾರು 4,450 ಜನ ಆ ಬರಹದಿಂದ ಬರಬೇಕು. ಬರಹ ಓದಿದವರೆಲ್ಲ ಲಿಂಕ್ ಒತ್ತುವುದಿಲ್ಲ, ಆದ್ದರಿಂದ ಓದುವವರು ಅದರ ಎಷ್ಟೋ ಪಟ್ಟು ಇರಬೇಕು. ಒಂದು ಸಾಧಾರಣ ಬ್ಲಾಗಿಗೆ ಇದು ಆಗುವ ಮಾತಲ್ಲ.

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಒಮ್ಮೆ ಕೊಂಡವರು ವರ್ಷಕ್ಕೆ ಮೂರು ಸಲ ಕೊಳ್ಳುತ್ತಾರೆ ಎಂದಾದರೆ ಒಬ್ಬ ಗಿರಾಕಿಯಿಂದ 270 ರೂಪಾಯಿ ಉಳಿಯುತ್ತದೆ. ಆಗ 30 ಹೊಸ ಗಿರಾಕಿಗಳು, ಅಂದರೆ ಸೈಟಿಗೆ 1,500 ಜನ ಬಂದರೆ ಸಾಕು. ಅದೇ ಬ್ಲಾಗಿಗರು 3,000 ರೂಪಾಯಿಗೆ ಒಪ್ಪಿದರೆ 12 ಗಿರಾಕಿಗಳು ಸಿಕ್ಕರೂ ನಷ್ಟವಿಲ್ಲ. ಉಪ್ಪಿನಕಾಯಿ, ಕಾಫಿಪುಡಿ, ಮಸಾಲೆಯಂಥ ಮತ್ತೆ ಮತ್ತೆ ಬೇಕಾಗುವ ಸಾಮಾನಿಗೂ, ಒಂದು ಬುಕಿಂಗಿನಲ್ಲೇ ಸಾವಿರಾರು ರೂಪಾಯಿ ಉಳಿಸುವ ಹೋಮ್‌ಸ್ಟೇಗೂ ರಿವ್ಯೂ ಹೊಂದುತ್ತದೆ. ನೂರು ರೂಪಾಯಿಯ ಒಂದು ಕೀಚೈನಿಗೆ ಹೊಂದುವುದಿಲ್ಲ. ಈ ಅಂಕಿಗಳ ಜಾಗದಲ್ಲಿ ನಿಮ್ಮ ಅಂಕಿ ಹಾಕಿ ನೋಡಿ. ಉತ್ತರ ಬಂದ ಮೇಲಷ್ಟೇ ಬ್ಲಾಗ್ ಹುಡುಕಲು ಹೊರಡಿ.

ಹೆಜ್ಜೆ 3: ನಿಮ್ಮ ಗಿರಾಕಿ ಓದುವ ಬ್ಲಾಗ್ ಹುಡುಕಿ

ಮೇಲ್ ಕಳಿಸಿ ತಾವಾಗಿ ಬಂದವರನ್ನು ಪಕ್ಕಕ್ಕಿಡಿ, ಹುಡುಕುವ ಕೆಲಸ ನಿಮ್ಮದೇ. ಗೂಗಲ್‌ನಲ್ಲಿ ಗಿರಾಕಿ ಹುಡುಕುವಂತೆ ಹುಡುಕಿ: “ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವುದು ಹೇಗೆ”, “ಜೀರಿಗೆ ಮಿಡಿ ಎಲ್ಲಿ ಸಿಗುತ್ತದೆ”. ಕನ್ನಡದಲ್ಲೂ ಹುಡುಕಿ, ಇಂಗ್ಲಿಷಿನಲ್ಲೂ ಹುಡುಕಿ. ಮೊದಲ ಎರಡು ಪುಟಗಳಲ್ಲಿ ಬರುವ ವೈಯಕ್ತಿಕ ಬ್ಲಾಗ್‌ಗಳನ್ನು ಬರೆದಿಟ್ಟುಕೊಳ್ಳಿ. ಅವರಿಗೆ ಬರುವ ಓದುಗರು ಈಗಾಗಲೇ ಮಿಡಿಯ ಆಸೆ ಹತ್ತಿದವರು. ಅಂಥ ಬ್ಲಾಗ್‌ನ ಐದುನೂರು ಓದುಗರಿಗೆ ಇರುವ ಬೆಲೆ, ಮೊಬೈಲು, ಷೇರು, ಸಿನಿಮಾ, ಉಪ್ಪಿನಕಾಯಿ ಎಲ್ಲದರ ಬಗ್ಗೆಯೂ ಬರೆಯುವ ಸೈಟಿನ ಐವತ್ತು ಸಾವಿರಕ್ಕೂ ಇಲ್ಲ.

ಆಮೇಲೆ ಒಂದೊಂದರ ಕೊನೆಯ ಹತ್ತು ಬರಹ ಪೂರ್ತಿ ಓದಿ. ಅದರಲ್ಲಿ ಎಷ್ಟು ದುಡ್ಡು ಪಡೆದು ಬರೆದವು? ಅರ್ಧಕ್ಕಿಂತ ಹೆಚ್ಚಿದ್ದರೆ ಬಿಟ್ಟುಬಿಡಿ. ಯಾವ ಸಾಮಾನಿನಲ್ಲಾದರೂ ಅವರು ಕೊರತೆ ಹೇಳಿದ್ದಾರೆಯೇ? ಎಲ್ಲವನ್ನೂ “ಸೂಪರ್” ಎಂದವರ ಮಾತನ್ನು ಅವರ ಓದುಗರೂ ನಂಬುವುದಿಲ್ಲ. ಓದುಗರು ನಿಜವಾದ ಪ್ರಶ್ನೆ ಕೇಳುತ್ತಾರೆಯೇ, ಬರೆದವರು ಉತ್ತರ ಕೊಡುತ್ತಾರೆಯೇ? “ಮಿಡಿ ಮೆತ್ತಗಾಯ್ತು, ಏನು ಮಾಡಲಿ?” ಎಂದು ಯಾರೋ ಕೇಳಿ, ಉಪ್ಪಿನ ಅಳತೆ ಸಮೇತ ಉತ್ತರ ಬಂದಿದ್ದರೆ ಅದು ಜೀವವಿರುವ ಬ್ಲಾಗ್.

ಓದುಗರ ಸಂಖ್ಯೆ ಕೇಳಲು ಸಂಕೋಚ ಬೇಡ. ಸ್ಕ್ರೀನ್‌ಶಾಟನ್ನು ತಿದ್ದಬಹುದು. ಅದರ ಬದಲು ಐದು ನಿಮಿಷ ವಿಡಿಯೋ ಕಾಲ್ ಮಾಡಿ, ಗೂಗಲ್ ಅನಲಿಟಿಕ್ಸ್ ಅಥವಾ ಸರ್ಚ್ ಕನ್ಸೋಲ್ (ಸೈಟಿಗೆ ಎಷ್ಟು ಜನ, ಎಲ್ಲಿಂದ, ಏನು ಹುಡುಕಿ ಬಂದರು ಎಂದು ತೋರಿಸುವ ಗೂಗಲ್ ಸಲಕರಣೆಗಳು) ತೆರೆದು ಕಳೆದ ಮೂರು ತಿಂಗಳದ್ದನ್ನು ತೋರಿಸಲು ಕೇಳಿ. ಯಾವ ಊರಿನಿಂದ ಓದುತ್ತಾರೆ ಎಂಬುದನ್ನೂ ನೋಡಿ. ಅಮೆರಿಕದ ಕನ್ನಡಿಗರೇ ಹೆಚ್ಚು ಓದುವ ಬ್ಲಾಗ್ ಚೆಂದವೇ, ಆದರೆ ನೀವು ಹೊರದೇಶಕ್ಕೆ ಕಳಿಸದಿದ್ದರೆ ಆ ಓದುಗರಿಂದ ವ್ಯಾಪಾರವಿಲ್ಲ. ಒಳ್ಳೆಯ ಬ್ಲಾಗಿಗರು ಇದನ್ನೆಲ್ಲ ತೋರಿಸಲು ಬೇಸರಪಡುವುದಿಲ್ಲ.

ಇನ್‌ಸ್ಟಾಗ್ರಾಂ ರೀಲ್ ಇರುವಾಗ ಬ್ಲಾಗ್ ಯಾಕೆ ಎಂದು ಕೇಳುವವರಿದ್ದಾರೆ. ರೀಲ್ ಕೆಲವು ದಿನ ಓಡಿ ಕೆಳಗೆ ಸರಿಯುತ್ತದೆ. ಒಳ್ಳೆಯ ಬ್ಲಾಗ್ ಬರಹವನ್ನು ಮೂರು ವರ್ಷದ ಮೇಲೂ ಯಾರಾದರೂ ಹುಡುಕಿ ತೆಗೆದು ಓದುತ್ತಾರೆ. ವರ್ಷವರ್ಷವೂ ಅದೇ ಋತುವಿನಲ್ಲಿ ಬೇಕಾಗುವ ಸಾಮಾನಿಗೆ ಇದು ದೊಡ್ಡ ಅನುಕೂಲ.

ಹೆಜ್ಜೆ 4: ಮಾತುಕತೆ, ಮತ್ತು ಬರಹದಲ್ಲಿ ಒಪ್ಪಂದ

ನಾನು ಬರೆಯುವ ಮೊದಲ ಮೇಲ್ ಹೆಚ್ಚುಕಡಿಮೆ ಹೀಗಿರುತ್ತದೆ: “ನಮಸ್ಕಾರ. ನಿಮ್ಮ ಮಾವಿನಮಿಡಿ ಬರಹ ಓದಿದೆ, ತೊಟ್ಟು ಸಮೇತ ಕೊಯ್ದ ಮಿಡಿಯಲ್ಲಿ ಸೊನೆ ಉಳಿಯುವ ಬಗ್ಗೆ ನೀವು ಬರೆದದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಹಿಡಿಸಿತು. ನಾವು ಶಿರಸಿ ಕಡೆಯಿಂದ ಉಪ್ಪಿನಕಾಯಿ ಮಾಡಿ ಕಳಿಸುತ್ತೇವೆ. ನಿಮಗೆ ಎರಡು ಜಾಡಿ ಕಳಿಸಬಹುದೇ? ಒಂದು ತಿಂಗಳು ತಿಂದು ನೋಡಿ. ಬರೆಯಬೇಕೆನಿಸಿದರೆ ನಿಮ್ಮ ಸಮಯಕ್ಕೆ ಸಂಭಾವನೆ ಕೊಡುತ್ತೇವೆ. ಚೆನ್ನಾಗಿಲ್ಲ ಎನಿಸಿದರೆ ಹಾಗೆಯೇ ಬರೆಯಿರಿ, ಸಂಭಾವನೆ ಅಷ್ಟೇ ಇರುತ್ತದೆ.”

ಕೊನೆಯ ವಾಕ್ಯ ಬಹಳ ಮುಖ್ಯ, ಅದನ್ನು ಬಿಡಬೇಡಿ. ಒಪ್ಪಿದ ಮೇಲೆ ಈ ಅಂಶಗಳನ್ನು ಮೇಲ್‌ನಲ್ಲೇ ದಾಖಲಿಸಿ:

- ಹಣ ಎಷ್ಟು, ಯಾವಾಗ. ನಾನು ಅರ್ಧ ಮೊದಲು, ಅರ್ಧ ಪ್ರಕಟವಾದ ದಿನ ಕೊಡುತ್ತೇನೆ. ಅಭಿಪ್ರಾಯಕ್ಕೂ ಹಣಕ್ಕೂ ಸಂಬಂಧವಿಲ್ಲ ಎಂದು ಬರೆದಿರಬೇಕು.
- ಪ್ರಕಟಣೆಗೆ ಮುಂಚೆ ನೀವು ನೋಡುವುದು ಬೆಲೆ, ತೂಕ, ಊರು, ಹೆಸರಿನಂಥ ಮಾಹಿತಿಯ ತಪ್ಪು ಮಾತ್ರ.
- ಬರಹದ ಮೇಲ್ಗಡೆ “ಜಾಹೀರಾತು” ಎಂಬ ಗುರುತು, ಲಿಂಕಿಗೆ “ಸ್ಪಾನ್ಸರ್ಡ್” ಗುರುತು.
- ಅವರು ತೆಗೆದ ಫೋಟೋಗಳನ್ನು ನಿಮ್ಮ ಸೈಟಿನಲ್ಲಿ ಬಳಸಲು ಅನುಮತಿ. ಬೇರೆಯವರ ಊಟದ ಮೇಜಿನ ಮೇಲಿರುವ ನಿಮ್ಮ ಜಾಡಿಯ ಫೋಟೋಗೆ ಇರುವ ಕಳೆ ಸ್ಟುಡಿಯೋ ಫೋಟೋಗೆ ಬರುವುದಿಲ್ಲ.
- ಬಿಲ್, ಪ್ಯಾನ್ ಸಂಖ್ಯೆ. ಟಿಡಿಎಸ್ ಹಿಡಿಯಬೇಕೇ ಎಂದು ನಿಮ್ಮ ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

“ಸ್ಪಾನ್ಸರ್ಡ್” ಎಂಬುದು ಲಿಂಕಿನ ಎಚ್‌ಟಿಎಂಎಲ್ ಸಾಲಿನಲ್ಲಿ “ರೆಲ್” ಎಂಬಲ್ಲಿ ಸೇರಿಸುವ ಪದ. 2005ರಲ್ಲಿ ಬಂದ “ನೋಫಾಲೋ” (ಈ ಲಿಂಕನ್ನು ಶಿಫಾರಸೆಂದು ಎಣಿಸಬೇಡಿ ಎಂಬ ಗುರುತು; ಅದಿಲ್ಲದ ಲಿಂಕೇ ಆ ಮೇಲ್‌ನ “ಡುಫಾಲೋ”) ಜೊತೆಗೆ, ಹಣ ಕೊಟ್ಟ ಲಿಂಕಿಗೆಂದೇ ಗೂಗಲ್ ಇದನ್ನು 2019ರ ಸೆಪ್ಟೆಂಬರ್‌ನಲ್ಲಿ ತಂದಿತು. ಎರಡರಲ್ಲಿ ಒಂದಿದ್ದರೆ ಹುಡುಕಾಟದ ಕಡೆಯಿಂದ ನಿಮಗೂ ಬ್ಲಾಗಿಗರಿಗೂ ತೊಂದರೆಯಿಲ್ಲ. ಹಾಕಿದ್ದಾರೋ ಇಲ್ಲವೋ ನೋಡಲು ಕಂಪ್ಯೂಟರಿನಲ್ಲಿ ಆ ಪುಟ ತೆರೆದು ಕಂಟ್ರೋಲ್ ಮತ್ತು ಯು ಕೀಗಳನ್ನು ಒಟ್ಟಿಗೆ ಒತ್ತಿ. ಪುಟದ ಮೂಲ ತೆರೆದುಕೊಳ್ಳುತ್ತದೆ. ಅಲ್ಲಿ ನಿಮ್ಮ ಸೈಟಿನ ಹೆಸರು ಹುಡುಕಿದರೆ ಆ ಸಾಲಿನಲ್ಲೇ ಕಾಣುತ್ತದೆ.

ಹೆಜ್ಜೆ 5: “ಜಾಹೀರಾತು” ಎಂದು ಕಾಣುವಂತೆ ಹಾಕಿಸಿ

ಹಾಗೆ ಹಾಕಿದರೆ ಯಾರು ನಂಬುತ್ತಾರೆ ಎಂಬ ಅಳುಕು ಸಹಜ, ಅತ್ತಿಗೆಗೂ ಇತ್ತು. ಆದರೆ ಇಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ. ಭಾರತದ ಜಾಹೀರಾತು ಮಾನದಂಡ ಮಂಡಳಿಯ ಮಾರ್ಗಸೂಚಿ 2021ರ ಜೂನ್ 14ರಿಂದ ಜಾರಿಯಲ್ಲಿದೆ. ಹಣ ಕೊಟ್ಟರಷ್ಟೇ ಅಲ್ಲ, ಬಿಟ್ಟಿಯಾಗಿ ಸಾಮಾನು ಕೊಟ್ಟರೂ ಅದನ್ನು ಓದುಗರಿಗೆ ತಿಳಿಸಬೇಕು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಗಳೂ ಇದನ್ನೇ ಹೇಳುತ್ತವೆ. ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಬರೆದವರು ಒಂದು ವರ್ಷದವರೆಗೆ ಯಾವ ಜಾಹೀರಾತಿಗೂ ಬರೆಯದಂತೆ ತಡೆಯಬಹುದು.

ಗುರುತು ಬರಹದ ಭಾಷೆಯಲ್ಲೇ ಇರಲಿ. ಕನ್ನಡ ಬರಹದ ಅಡಿಯಲ್ಲಿ, ಹತ್ತು ಹ್ಯಾಷ್‌ಟ್ಯಾಗ್‌ಗಳ ನಡುವೆ ಇಂಗ್ಲಿಷಿನ ಎರಡಕ್ಷರ ಹುದುಗಿಸಿದರೆ ಅದು ಹೇಳಿದಂತಾಗುವುದಿಲ್ಲ. ಶೀರ್ಷಿಕೆಯ ಕೆಳಗೇ, “ಜಾಹೀರಾತು: ಈ ಬರಹಕ್ಕೆ ತಯಾರಕರಿಂದ ಸಂಭಾವನೆ ಪಡೆದಿದ್ದೇನೆ, ಜಾಡಿಗಳನ್ನೂ ಅವರೇ ಕಳಿಸಿದ್ದು” ಎಂದರೆ ಸಾಕು. ಓದುಗರಿಗೆ ವಿಷಯ ಗೊತ್ತಾದ ಮೇಲೂ ಅವರು ಓದುತ್ತಾರೆ, ಯಾಕೆಂದರೆ ಅವರು ನಂಬಿದ್ದು ಬರೆದವರನ್ನು.

ಇನ್ನೊಂದು ಎಚ್ಚರಿಕೆ. “ಸಕ್ಕರೆ ಕಾಯಿಲೆಗೆ ಒಳ್ಳೆಯದು”, “ಜೀರ್ಣಶಕ್ತಿ ಹೆಚ್ಚಿಸುತ್ತದೆ” ಎಂಬ ಮಾತು ಬರಹದಲ್ಲಿ ನುಸುಳಿದ್ದರೆ ತೆಗೆಸಿ. ಆಹಾರದ ಜಾಹೀರಾತಿನಲ್ಲಿ ಏನು ಹೇಳಬಹುದು, ಏನು ಹೇಳಬಾರದು ಎಂಬುದಕ್ಕೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳಿವೆ. ಬ್ಲಾಗಿಗರು ಅಕ್ಕರೆಯಿಂದ ಬರೆದರೂ ಜವಾಬ್ದಾರಿ ನಿಮ್ಮ ಮೇಲೂ ಬರುತ್ತದೆ.

ಹೆಜ್ಜೆ 6: ಗಿರಾಕಿಗೆ ಕಳಿಸಿದಂತೆಯೇ ಕಳಿಸಿ

ವಿಶೇಷ ಪ್ಯಾಕಿಂಗ್, ಆರಿಸಿದ ಮಿಡಿ, ರೇಷ್ಮೆ ಬಟ್ಟೆಯ ಚೀಲ ಯಾವುದೂ ಬೇಡ. ಮುಂದೆ ಗಿರಾಕಿಗೆ ಬೇರೆ ಥರದ್ದು ತಲುಪಿದರೆ ಆ ರಿವ್ಯೂ ನಿಮಗೇ ತಿರುಗುಬಾಣ.

ನಮ್ಮ ಮೊದಲ ಪಾರ್ಸೆಲ್ ಬೆಂಗಳೂರಿನ ಬ್ಲಾಗಿಗರೊಬ್ಬರಿಗೆ ಹೋಗುವಷ್ಟರಲ್ಲಿ ಒಂದು ಜಾಡಿಯ ಮುಚ್ಚಳದಿಂದ ಉಪ್ಪುನೀರು ಸೋರಿ, ಲೇಬಲ್ ನೆನೆದು, ಅಕ್ಷರ ಕದಡಿಹೋಗಿತ್ತು. ಅವರು ಅದರ ಫೋಟೋ ಹಾಕಿಯೇ ಬರೆದರು. ಮೂರನೆಯ ಪ್ಯಾರಾದಲ್ಲಿ, “ಡಬ್ಬಿ ಬಿಚ್ಚುವಾಗ ಕೈಯೆಲ್ಲ ಖಾರ” ಎಂದಿತ್ತು. ಐದನೆಯ ಪ್ಯಾರಾದಲ್ಲಿ, ಮುಚ್ಚಳ ತೆಗೆದ ಕೂಡಲೇ ಅಡುಗೆಮನೆಗೆಲ್ಲ ಹರಡಿದ ಜೀರಿಗೆ ಮಿಡಿಯ ಪರಿಮಳದ ಬಗ್ಗೆ, ಮಜ್ಜಿಗೆ ಅನ್ನದ ಜೊತೆ ಮಿಡಿ ಕಚ್ಚಿದಾಗ ಬಂದ ಕಟುಂ ಸದ್ದಿನ ಬಗ್ಗೆ ಬರೆದಿದ್ದರು. ಅತ್ತಿಗೆಗೆ ಕಂಡದ್ದು ಮೂರನೆಯ ಪ್ಯಾರಾ ಮಾತ್ರ. “ತೆಗೆಸು ತಮಾ” ಎಂದು ಅಳುವುದೊಂದು ಬಾಕಿ. ನಾವು ತೆಗೆಸಲಿಲ್ಲ. ಒಳಮುಚ್ಚಳ ಇರುವ ಜಾಡಿ ತರಿಸಿ, ಪ್ರತಿ ಜಾಡಿಯನ್ನೂ ಒಂದು ರಾತ್ರಿ ತಲೆಕೆಳಗಾಗಿ ಇಟ್ಟು ನೋಡಿಯೇ ಪ್ಯಾಕ್ ಮಾಡಲು ಶುರುಮಾಡಿದೆವು. ಅದನ್ನು ಬ್ಲಾಗಿಗರಿಗೂ ತಿಳಿಸಿದೆವು, ಅವರು ಬರಹದ ಕೊನೆಗೆ ಒಂದು ಸಾಲು ಸೇರಿಸಿದರು. ಆಮೇಲೆ ವಾಟ್ಸ್‌ಆ್ಯಪ್‌ಗೆ ಬಂದ ಮೆಸೇಜ್‌ಗಳಲ್ಲಿ ಪದೇ ಪದೇ ಬರುತ್ತಿದ್ದ ಪ್ರಶ್ನೆ, “ಈಗ ಸೋರಲ್ಲ ತಾನೇ?” ಎಂದು. ಸೋರುವುದಿಲ್ಲ ಎಂದರೆ ಎರಡು ಜಾಡಿ ಆರ್ಡರ್. ಕೊರತೆ ಹೇಳಿದ್ದರಿಂದಲೇ ಪರಿಮಳದ ಮಾತನ್ನೂ ಜನ ನಂಬಿದರು ಎಂದು ನನಗೆ ಅನುಮಾನವೇ ಇಲ್ಲ.

ಹೆಜ್ಜೆ 7: 90 ದಿನ ಅಳೆಯಿರಿ

ಪ್ರತಿ ಬ್ಲಾಗಿಗೂ ಬೇರೆ ಬೇರೆ ಯುಟಿಎಂ ಲಿಂಕ್ (ಎಲ್ಲಿಂದ ಬಂದರು ಎಂದು ತಿಳಿಸುವ ಗುರುತು ಸೇರಿಸಿದ ವಿಳಾಸ) ಮಾಡಿಕೊಡಿ. ಗೂಗಲ್‌ನ ಉಚಿತ ಸಲಕರಣೆಯಲ್ಲಿ ಎರಡು ನಿಮಿಷದ ಕೆಲಸ. ಯಾವ ಬರಹದಿಂದ ಎಷ್ಟು ಜನ ಬಂದರು ಎಂದು ಅನಲಿಟಿಕ್ಸ್‌ನಲ್ಲಿ ಕಾಣುತ್ತದೆ. ಜೊತೆಗೆ ಆ ಓದುಗರಿಗೆಂದೇ ಒಂದು ಕೂಪನ್ ಕೋಡ್ ಕೊಡಿ. ಬಹಳ ಜನ ಮೊಬೈಲಿನಲ್ಲಿ ಓದಿ, ರಾತ್ರಿ ಮನೆಯಲ್ಲಿ ಮಾತಾಡಿ, ಮರುದಿನ ಬೇರೆ ಫೋನಿನಿಂದ ಕೊಳ್ಳುತ್ತಾರೆ. ಅಂಥವರು ಕೋಡ್‌ನಿಂದಷ್ಟೇ ಸಿಗುತ್ತಾರೆ.

ನಮ್ಮ ಕಡೆ ಇನ್ನೂ ಒಂದು ದಾರಿ ಇದೆ, ಫೋನ್ ಮತ್ತು ವಾಟ್ಸ್‌ಆ್ಯಪ್. ಇಲ್ಲಿ ಬರುವ ಆರ್ಡರ್ ಯಾವ ಅನಲಿಟಿಕ್ಸ್‌ಗೂ ಕಾಣುವುದಿಲ್ಲ. “ನಮ್ಮ ವಿಷಯ ಎಲ್ಲಿಂದ ಗೊತ್ತಾಯ್ತು?” ಎಂದು ಪ್ರತಿಯೊಬ್ಬರನ್ನೂ ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಸೈಟಿನ ಹೆಸರನ್ನೇ ಹುಡುಕಿ ಬಂದವರ ಸಂಖ್ಯೆ ಬರಹದ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ನೋಡಿ. ತೊಂಬತ್ತು ದಿನದ ಮೇಲೆ ಹೆಜ್ಜೆ 2ರ ಕಾಗದ ತೆಗೆದು ಪಕ್ಕದಲ್ಲಿ ನಿಜವಾದ ಅಂಕಿ ಬರೆಯಿರಿ. ಹಾಕಿದ ಹಣ ವಾಪಸ್ ಬಂದಿದ್ದರೆ ಅದೇ ಥರದ ಇನ್ನೊಂದು ಬ್ಲಾಗ್ ಹುಡುಕಿ. ಅರ್ಧವೂ ಬಂದಿಲ್ಲದಿದ್ದರೆ ಮೊದಲು ನಿಮ್ಮ ಪುಟವನ್ನು ನೋಡಿ, ಆಮೇಲೆ ಬ್ಲಾಗಿನ ಆಯ್ಕೆಯನ್ನು. ಒಮ್ಮೆಗೇ ಐದು ಬ್ಲಾಗಿಗೆ ಹಣ ಹಂಚಬೇಡಿ, ಯಾವುದರಿಂದ ಏನಾಯಿತು ಎಂಬುದೇ ತಿಳಿಯುವುದಿಲ್ಲ.

ಯಾರಿಗೆ ಇದು ಬೇಡ

ಒಂದೇ ಊರಿನ ಗಿರಾಕಿಗಳನ್ನು ನಂಬಿದ ಟೈಲರ್ ಅಂಗಡಿ, ಕ್ಲಿನಿಕ್, ಟ್ಯೂಷನ್‌ನವರಿಗೆ ಬ್ಲಾಗ್ ರಿವ್ಯೂಗಿಂತ ಗೂಗಲ್ ಮ್ಯಾಪ್‌ನಲ್ಲಿ ಸರಿಯಾದ ವಿಳಾಸ, ಸಮಯ, ಫೋಟೋ ಹಾಕುವುದೇ ಲಾಭ. ಅಲ್ಲೂ ದುಡ್ಡು ಕೊಟ್ಟು ಸ್ಟಾರ್ ಹಾಕಿಸಬೇಡಿ, ಅದು ಓದುಗರಿಗೆ ಹೇಳಿದ ಸುಳ್ಳು. ದಾಸ್ತಾನು ಇಲ್ಲದವರಿಗೂ ಇದು ಬೇಡ. ನೂರು ಜಾಡಿ ಮಾತ್ರ ಇರುವಾಗ ರಿವ್ಯೂ ಬಂದು, ಪುಟದಲ್ಲಿ “ಮುಗಿದಿದೆ” ಎಂದು ಕಂಡರೆ ಆ ಓದುಗರು ಮತ್ತೆ ಬರುವುದು ಕಷ್ಟ.

ಆ ಎಂಟು ಸಾವಿರದ ಮೇಲ್‌ಗೆ ನಾವು ಬೇಡ ಎಂದು ಎರಡು ಸಾಲು ಬರೆದು ಮುಗಿಸಿದೆವು. ಪಾರ್ಸೆಲ್ ಸೋರಿದ ಬಗ್ಗೆ ಬರೆದವರ ಸಂಪರ್ಕವನ್ನು ಮಾತ್ರ ಬಿಟ್ಟಿಲ್ಲ. ಪ್ರತಿ ವರ್ಷ ಹೊಸ ಮಿಡಿ ಉಪ್ಪಿಗೆ ಬಿದ್ದ ಮೇಲೆ ಅವರಿಗೊಂದು ಮೇಲ್ ಹೋಗುತ್ತದೆ: ಈ ವರ್ಷದ ಬೆಲೆ ಇಷ್ಟು, ಜಾಡಿಯ ತೂಕ ಇಷ್ಟು, ಕೊರಿಯರ್ ದರ ಹೀಗೆ ಬದಲಾಗಿದೆ, ನಿಮ್ಮ ಬರಹದಲ್ಲಿ ಹಳೆಯ ಅಂಕಿ ಇದ್ದರೆ ದಯವಿಟ್ಟು ತಿದ್ದಿ. ಅವರು ತಿದ್ದಿ, ಮೇಲೆ ತಾರೀಖು ಹಾಕುತ್ತಾರೆ.